ಹವಳದಿಂದ ಶುರು ಮಾಡಿ: ರೀಫ್ ಟ್ಯಾಂಕಿಗೆ ನಾವೇ ಎಲ್ಇಡಿ ದೀಪ ಕಟ್ಟುವುದು

ಎಲ್ಲರಿಗೂ ನಮಸ್ಕಾರ.

ರೀಫ್ ಟ್ಯಾಂಕಿಗೆ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂಗೆ, ಸ್ವಂತವಾಗಿ ದೀಪ ಕಟ್ಟಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ವ್ಯಾಟ್ ಹಾಕಬೇಕು?" ಇವತ್ತು ಆ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕೆ ಇಡೋಣ. ಮೊದಲು ನೀರಿನೊಳಗೆ ಏನಾಗುತ್ತದೆ ನೋಡೋಣ. ಹವಳಕ್ಕೆ ಎಂಥ ಬೆಳಕು ಬೇಕು, ಎಷ್ಟು ಬೇಕು ಅನ್ನುವುದು ಗೊತ್ತಾದರೆ ಎಷ್ಟು ಎಲ್ಇಡಿ, ಅವಕ್ಕೆ ಕರೆಂಟು ಕೊಡುವ ಯಾವ ಡ್ರೈವರ್, ಬಿಸಿಯನ್ನು ಗಾಳಿಗೆ ಬಿಡುವ ಎಷ್ಟು ದೊಡ್ಡ ಹೀಟ್‌ಸಿಂಕ್ ಎಂಬುದೆಲ್ಲ ತಾನಾಗಿಯೇ ಲೆಕ್ಕಕ್ಕೆ ಬರುತ್ತದೆ. ಉಲ್ಟಾ ಕಡೆಯಿಂದ ಹೊರಟವರ ದೀಪ ನೋಡಲು ಚೆನ್ನಾಗಿರುತ್ತದೆ, ಕೆಳಗಿರುವ ಹವಳ ಬೆಳ್ಳಗಾಗುತ್ತದೆ.

ಹವಳ ಒಂದು ಪ್ರಾಣಿ. ಆದರೆ ನಾವು ಸಾಕುವ ಬಹುಪಾಲು ಹವಳಗಳ ಮೈಯೊಳಗೆ ಜೂಕ್ಸಾಂತೆಲ್ಲೆ ಎಂಬ ಒಂದೇ ಕೋಶದ ಪಾಚಿ ವಾಸ ಮಾಡುತ್ತದೆ. ಆ ಪಾಚಿ ಬೆಳಕು ಹಿಡಿದು ಆಹಾರ ತಯಾರಿಸುತ್ತದೆ, ಅದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಅಂದರೆ ನಮ್ಮ ದೀಪ ಅಲಂಕಾರದ ವಸ್ತುವಲ್ಲ, ಅದು ಹವಳದ ಊಟ. ಈ ಪಾಚಿಯಲ್ಲಿ ಕ್ಲೋರೊಫಿಲ್ ಎ, ಕ್ಲೋರೊಫಿಲ್ ಸಿ2, ಪೆರಿಡಿನಿನ್ ಎಂಬ ಬಣ್ಣದ ಪದಾರ್ಥಗಳಿವೆ. ಎರಡೂ ಕ್ಲೋರೊಫಿಲ್‌ಗಳು ನೇರಳೆ ಮತ್ತು ನೀಲಿಯನ್ನು ಜೋರಾಗಿ ಹೀರುತ್ತವೆ. ಪೆರಿಡಿನಿನ್ ನೀಲಿಯಿಂದ ಹಸಿರಿನ ಅಂಚಿನವರೆಗೆ ಹಿಡಿಯುತ್ತದೆ. ಹೀಗಾಗಿ ಸುಮಾರು 400ರಿಂದ 550 ನ್ಯಾನೋಮೀಟರ್ ತನಕದ ತರಂಗಾಂತರದ (ಬೆಳಕಿನ ಬಣ್ಣ ಹೇಳುವ ಅಳತೆ ಇದು) ಬೆಳಕು ಹವಳದ ಪಾಚಿಗೆ ಮುಖ್ಯ ಆಹಾರ. ಕ್ಲೋರೊಫಿಲ್ ಎ ಕೆಂಪನ್ನೂ ಹಿಡಿಯುತ್ತದೆ, ನಿಜ. ಆದರೆ ಸಮುದ್ರದಲ್ಲಿ ಕೆಂಪು ಆಳಕ್ಕೆ ಇಳಿಯುವುದೇ ಇಲ್ಲ. ನೀರು ಅದನ್ನು ನುಂಗಿಬಿಡುತ್ತದೆ. 660 ನ್ಯಾನೋಮೀಟರ್‌ನ ಕೆಂಪು ಬೆಳಕು 10 ಮೀಟರ್ ಇಳಿಯುವಷ್ಟರಲ್ಲಿ ನೂರಕ್ಕೆ ಎರಡು ಪಾಲೂ ಉಳಿದಿರುವುದಿಲ್ಲ. ನೀಲಿ ಮಾತ್ರ ಹೆಚ್ಚು ಸವೆಯದೆ ಇಳಿಯುತ್ತದೆ. ಹವಳಗಳು ಆ ನೀಲಿ ಲೋಕಕ್ಕೆ ಒಗ್ಗಿಕೊಂಡು ಬಂದಿವೆ.

ಇಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಟ್ಯಾಂಕ್ ಅರ್ಧ ಮೀಟರ್ ಆಳ ಇರುತ್ತದೆ ಅಷ್ಟೇ. ಅಷ್ಟು ನೀರು ಕೆಂಪನ್ನು ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ತಡೆಯುತ್ತದೆ. ಅಂದರೆ ನಾವು ಹಾಕಿದ ಕೆಂಪೆಲ್ಲ ಹೆಚ್ಚುಕಮ್ಮಿ ಹಾಗೇ ಹವಳದ ಮೇಲೆ ಬೀಳುತ್ತದೆ. ಸಮುದ್ರದಲ್ಲಿ ನೀರು ಮಾಡುವ ಸೋಸುವ ಕೆಲಸವನ್ನು ಇಲ್ಲಿ ನಾವೇ ಮಾಡಬೇಕು, ಎಲ್ಇಡಿ ಆರಿಸುವಾಗಲೇ.

ಎಲ್ಇಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಅದು ಬೇಕಾದ ಬಣ್ಣವನ್ನಷ್ಟೇ ಕೊಡುತ್ತದೆ. ಹಿಂದೆ ಮೆಟಲ್ ಹ್ಯಾಲೈಡ್ ಬಲ್ಬು, ಟಿ5 ಟ್ಯೂಬುಗಳ ಕಾಲ ಇತ್ತು. 250, 400 ವ್ಯಾಟಿನ ಹ್ಯಾಲೈಡ್ ಬಲ್ಬುಗಳು ನೀರನ್ನು ಕಾಯಿಸುತ್ತಿದ್ದವು. ಬಲ್ಬು ಹಳೆಯದಾದಂತೆ ಬಣ್ಣವೂ ಜಾರುತ್ತಿತ್ತು, ಹಾಗಾಗಿ ಸುಮಾರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತಿತ್ತು. 1990ರ ದಶಕದಲ್ಲಿ ಪ್ರಖರವಾದ ನೀಲಿ ಎಲ್ಇಡಿ ಬಂದ ಮೇಲೆ ಚಿತ್ರವೇ ಬದಲಾಯಿತು. ಅದನ್ನು ಸಾಧ್ಯ ಮಾಡಿದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶೂಜಿ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಾವು ಬಿಳಿ ಎಲ್ಇಡಿ ಅನ್ನುವುದೂ ಮೂಲದಲ್ಲಿ ನೀಲಿಯೇ. ಎಲ್ಇಡಿಯೊಳಗೆ ಬೆಳಕು ಕೊಡುವ ಪುಟ್ಟ ನೀಲಿ ಚಿಪ್ಪಿನ (ಚಿಪ್) ಮೇಲೆ ಹಳದಿ ಫಾಸ್ಫರ್, ಅಂದರೆ ನೀಲಿಯನ್ನು ಬೇರೆ ಬಣ್ಣಗಳಾಗಿ ಬದಲಿಸುವ ಪುಡಿ, ಬಳಿದಿರುತ್ತಾರೆ. ರೀಫ್ ಸಾಕುವ ನಮ್ಮಂಥವರು ಆ ಮೂವರಿಗೆ ನಿಜವಾಗಿ ಋಣಿಗಳು.

ಬೆಳಕನ್ನು ಎಣಿಸುವುದು ಹೇಗೆ

ದೀಪ ಎಷ್ಟು ಜೋರಾಗಿದೆ ಅಂತ ನಾವು ಕಣ್ಣಿನಿಂದ ಹೇಳುತ್ತೇವೆ. ರೀಫ್ ಟ್ಯಾಂಕಿನಲ್ಲಿ ಕಣ್ಣನ್ನು ನಂಬಬೇಡಿ. ಮನುಷ್ಯನ ಕಣ್ಣು 555 ನ್ಯಾನೋಮೀಟರ್‌ನ ಹಸಿರಿಗೆ ಅತಿ ಚುರುಕು. 450ರ ನೀಲಿಗೆ ಅದರ ಚುರುಕು ಹಸಿರಿನ ನೂರಕ್ಕೆ 4 ಪಾಲು ಮಾತ್ರ. ಬರೀ ನೀಲಿ ಉರಿಯುತ್ತಿರುವ ಟ್ಯಾಂಕ್ ನಮಗೆ ಮಬ್ಬಾಗಿ ಕಾಣುತ್ತದೆ, ಆದರೆ ಹವಳದ ಮೇಲೆ ಬೆಳಕು ಸುರಿಯುತ್ತಿರುತ್ತದೆ. "ಇನ್ನೂ ಸ್ವಲ್ಪ ಜಾಸ್ತಿ ಮಾಡೋಣ" ಅಂತ ಕೈ ಹೋಗುವುದು ಇಲ್ಲೇ. ಲಕ್ಸ್ ಮೀಟರ್ ಕೂಡ ಮನುಷ್ಯನ ಕಣ್ಣಿನಂತೆಯೇ ಅಳೆಯುವ ಹಾಗೆ ಮಾಡಿದ್ದು. ಹಾಗಾಗಿ ಅದೂ ನೀಲಿಯನ್ನು ಕಡಿಮೆ ತೋರಿಸುತ್ತದೆ.

ನಮಗೆ ಬೇಕಾದ ಅಳತೆ ಪಾರ್. 400ರಿಂದ 700 ನ್ಯಾನೋಮೀಟರ್ ಒಳಗಿನ ಫೋಟಾನ್‌ಗಳು (ಬೆಳಕಿನ ಕಣಗಳು) ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬಿದ್ದವು ಎಂಬ ಲೆಕ್ಕ ಅದು. ಅಂಗಳಕ್ಕೆ ಬೀಳುವ ಮಳೆಹನಿ ಎಣಿಸಿದ ಹಾಗೆ. ಹನಿಯ ಬಣ್ಣ ಯಾವುದಾದರೂ ಸರಿ, ಎಣಿಕೆ ಒಂದೇ. ಎಣಿಕೆ ಮೈಕ್ರೋಮೋಲ್‌ನಲ್ಲಿರುತ್ತದೆ, ಡಜನ್ ಇದ್ದ ಹಾಗೆ ಅದೂ ಒಂದು ಗುಂಪಿನ ಲೆಕ್ಕ, ಗುಂಪು ಬಹಳ ದೊಡ್ಡದು ಅಷ್ಟೇ. ನಡುಹಗಲಿನ ನೆತ್ತಿಯ ಬಿಸಿಲು ಸುಮಾರು 2000. ಮೆದು ಹವಳಗಳಿಗೆ 50ರಿಂದ 150 ಸಾಕು. ದೊಡ್ಡ ಪಾಲಿಪ್‌ನ (ಪಾಲಿಪ್ ಅಂದರೆ ಹವಳದ ಒಂದೊಂದು ಬಾಯಿರುವ ಪುಟ್ಟ ಜೀವಿ) ಕಲ್ಲುಹವಳಗಳಿಗೆ 80ರಿಂದ 200. ಅಕ್ರೊಪೊರಾ ಥರದ ಸಣ್ಣ ಪಾಲಿಪ್‌ನವಕ್ಕೆ 200ರಿಂದ 400. ಇವು ಹವ್ಯಾಸಿಗಳ ಅನುಭವದಲ್ಲಿ ಗಟ್ಟಿಯಾದ ಅಂಕಿಗಳು, ಕಲ್ಲಿನಲ್ಲಿ ಕೊರೆದ ನಿಯಮಗಳಲ್ಲ.

ಜಾಸ್ತಿ ಬೆಳಕು ಕೊಟ್ಟರೆ ಜಾಸ್ತಿ ಬೆಳೆಯುತ್ತದೆ ಅಲ್ವಾ ಅಂತ ಅನಿಸಬಹುದು. ಒಂದು ಮಟ್ಟದ ತನಕ ನಿಜ. ಆಮೇಲೆ ಪಾಚಿ ಬಳಸಿಕೊಳ್ಳುವಷ್ಟನ್ನು ಬಳಸಿಕೊಂಡಾಗಿರುತ್ತದೆ, ಮಿಕ್ಕ ಶಕ್ತಿ ಕೋಶದೊಳಗೆ ಹಾನಿ ಮಾಡುವ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತದೆ. ಹಾನಿ ತಡೆಯಲಾರದೆ ಹವಳ ತನ್ನ ಪಾಚಿಯನ್ನೇ ಹೊರಹಾಕುತ್ತದೆ. ಬಿಳುಚಿಕೊಳ್ಳುವುದು ಅಂದರೆ ಇದೇ. ಎಲ್ಇಡಿಯಲ್ಲಿ ಈ ಅಪಾಯ ಹೆಚ್ಚು, ಯಾಕೆಂದರೆ ಕಣ್ಣಿಗೆ ಗೊತ್ತಾಗದ ಹಾಗೆ ಬೆಳಕು ಏರಿರುತ್ತದೆ.

ಈಗ ಲೆಕ್ಕಕ್ಕೆ ಬರೋಣ. 90 ಸೆಂಟಿಮೀಟರ್ ಉದ್ದ, 45 ಅಗಲದ ಟ್ಯಾಂಕ್ ಇದೆ ಅಂದುಕೊಳ್ಳಿ. ಮೇಲ್ಮೈ ಸುಮಾರು 0.4 ಚದರ ಮೀಟರ್. ನಡು ಆಳದಲ್ಲಿ ಸರಾಸರಿ 200 ಪಾರ್ ಬೇಕು. ಅಂದರೆ ಸೆಕೆಂಡಿಗೆ ಸುಮಾರು 80 ಮೈಕ್ರೋಮೋಲ್ ಅಲ್ಲಿಗೆ ತಲುಪಬೇಕು. ಲೆನ್ಸ್, ಅಕ್ರಿಲಿಕ್ ಹಾಳೆ, ನೀರಿನ ಮೇಲ್ಮೈ, ಪಕ್ಕಕ್ಕೆ ಚೆಲ್ಲುವ ಬೆಳಕು ಎಲ್ಲ ಸೇರಿ ಅರ್ಧ ಹೋಗುತ್ತದೆ ಅಂತ ಹಿಡಿಯಿರಿ. ಹಾಗಾದರೆ ದೀಪದಿಂದ 160 ಹೊರಡಬೇಕು. 450 ನ್ಯಾನೋಮೀಟರ್‌ನ 1 ವ್ಯಾಟ್ ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 3.8 ಮೈಕ್ರೋಮೋಲ್ ಫೋಟಾನ್ ಇರುತ್ತದೆ. ಒಳ್ಳೆಯ ಎಲ್ಇಡಿ ತಾನು ತಿನ್ನುವ ವಿದ್ಯುತ್ತಿನ ಅರ್ಧದಷ್ಟನ್ನು ಬೆಳಕಾಗಿಸುತ್ತದೆ. ಹಾಗಾಗಿ 1 ವ್ಯಾಟ್ ವಿದ್ಯುತ್ತಿಗೆ 1.9 ಸಿಗುತ್ತದೆ. 160ನ್ನು 1.9ರಿಂದ ಭಾಗಿಸಿದರೆ ಸುಮಾರು 85 ವ್ಯಾಟ್. ನೋಡಿ, ವ್ಯಾಟ್ ಪ್ರಶ್ನೆಗೆ ಉತ್ತರ ಈಗ ಬಂತು. 700 ಮಿಲಿಆಂಪ್‌ನಲ್ಲಿ ಓಡುವ ಒಂದು ಎಲ್ಇಡಿ 3.1 ವೋಲ್ಟ್ ತೆಗೆದುಕೊಂಡರೆ ಸುಮಾರು 2.2 ವ್ಯಾಟ್ ಆಯಿತು. ಅಂಥವು 40 ಬೇಕು. ನಿಮ್ಮ ಟ್ಯಾಂಕಿನ ಅಳತೆ ಬೇರೆ ಇದ್ದರೆ ಇದೇ ದಾರಿಯಲ್ಲಿ ಅಂಕಿ ಬದಲಿಸಿಕೊಳ್ಳಿ.

ಬಣ್ಣಗಳ ಹಂಚಿಕೆ

ಈ 40ರಲ್ಲಿ ನಾನು ಹಾಕುವುದು ಹೀಗೆ: 450 ಆಸುಪಾಸಿನ ರಾಯಲ್ ಬ್ಲೂ 12, 470ರ ನೀಲಿ 12, ಬಿಳಿ 8, 405ರಿಂದ 420ರ ನೇರಳೆ 8. ನಾಲ್ಕೂ ಬೇರೆ ಬೇರೆ ಚಾನಲ್, ಅಂದರೆ ಪ್ರತಿ ಬಣ್ಣವನ್ನೂ ಬೇರೆಯಾಗಿ ಹೆಚ್ಚು-ಕಡಿಮೆ ಮಾಡಬಹುದು. ಕೆಲವರು ಇದಕ್ಕೆ ಕೆಂಪು, ಹಸಿರು, ಸಯಾನ್ ಎಲ್ಲ ಸೇರಿಸುತ್ತಾರೆ. ನನಗೆ ಅದರ ಅಗತ್ಯ ಕಂಡಿಲ್ಲ. ಬಿಳಿ ಎಲ್ಇಡಿಯ ಫಾಸ್ಫರ್‌ನಲ್ಲೇ ಹಸಿರೂ ಕೆಂಪೂ ಸಾಕಷ್ಟಿರುತ್ತವೆ. ಬಣ್ಣ ಕೂಡಿಸಿದಷ್ಟೂ ಡ್ರೈವರ್ ಜಾಸ್ತಿ, ವೈರಿಂಗ್ ಜಾಸ್ತಿ, ಕೆಡುವ ಜಾಗಗಳೂ ಜಾಸ್ತಿ.

ನೀಲಿ ಮತ್ತು ನೇರಳೆ ಹವಳದ ಹೊಳೆಯುವ ಬಣ್ಣಗಳನ್ನೂ ಎಬ್ಬಿಸುತ್ತವೆ. ಹವಳದ ಮೈಯಲ್ಲಿ ಹೊಳೆಯುವ ಪ್ರೋಟೀನ್‌ಗಳಿವೆ. ಅವು ನೀಲಿ ಬೆಳಕು ಹೀರಿ ಹಸಿರು, ಕಿತ್ತಳೆ, ಕೆಂಪಾಗಿ ವಾಪಸ್ ಕೊಡುತ್ತವೆ. ಈ ಕುಟುಂಬದ ಮೊದಲ ಪ್ರೋಟೀನ್ ಸಿಕ್ಕಿದ್ದು ಒಂದು ಲೋಳೆಮೀನಿನಲ್ಲಿ, ಅದರ ಕೆಲಸಕ್ಕೆ 2008ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಕೆಂಪು ಪ್ರೋಟೀನ್ ಒಂದು ನಾವು ಟ್ಯಾಂಕಿನಲ್ಲಿ ಸಾಕುವ ಡಿಸ್ಕೊಸೋಮಾ ಎಂಬ ಅಣಬೆ ಹವಳದಲ್ಲೇ ಸಿಕ್ಕಿದ್ದು. ಸಂಜೆ ಬಿಳಿ ಆರಿಸಿ ಬರೀ ನೀಲಿ ಬಿಟ್ಟಾಗ ಟ್ಯಾಂಕ್ ಹೊಳೆಯುತ್ತದಲ್ಲ, ಅದು ಬಣ್ಣದ ಬೆಳಕಿನ ಮಾಯೆಯಲ್ಲ, ಹವಳದ ಮೈಯದೇ ಹೊಳಪು.

ನೇರಳೆ ಬಗ್ಗೆ ಎರಡು ಎಚ್ಚರ. ಅದು ಕಣ್ಣಿಗೆ ಬಹಳ ಮಂಕು. ಹಾಗಂತ ಶಕ್ತಿ ಕಡಿಮೆ ಇಲ್ಲ, ಉರಿಯುವಾಗ ದಿಟ್ಟಿಸಿ ನೋಡಬೇಡಿ. ಇನ್ನೊಂದು, ಅದರ ವೋಲ್ಟೇಜ್ ನೀಲಿಗಿಂತ ಸ್ವಲ್ಪ ಹೆಚ್ಚು. ಎಲ್ಇಡಿ ಸಾಲಿನ ವೋಲ್ಟೇಜ್ ಲೆಕ್ಕ ಹಾಕುವಾಗ ತಯಾರಕರ ಡೇಟಾಶೀಟ್ ನೋಡಿಕೊಳ್ಳಿ.

ಕರೆಂಟು

ಎಲ್ಇಡಿಗೆ ವೋಲ್ಟೇಜ್ ಕೊಟ್ಟು ಕೂರಿಸಲು ಆಗುವುದಿಲ್ಲ, ಕರೆಂಟನ್ನು ಕಟ್ಟಿಹಾಕಬೇಕು. ಈ ಒಂದು ಮಾತು ಅರ್ಥವಾಗದೆ ಸುಟ್ಟ ಎಲ್ಇಡಿಗಳೇ ಜಾಸ್ತಿ. ಒಂದು ಎಲ್ಇಡಿಯ ವೋಲ್ಟೇಜನ್ನು ಚೂರೇ ಏರಿಸಿದರೂ ಕರೆಂಟು ಬಹಳ ಏರುತ್ತದೆ. ಅಲ್ಲದೆ ಎಲ್ಇಡಿ ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಹಾಗೇ ಇಟ್ಟರೆ ಬಿಸಿಯಾದಷ್ಟೂ ಹೆಚ್ಚು ಕರೆಂಟು, ಹೆಚ್ಚು ಕರೆಂಟಿಗೆ ಇನ್ನಷ್ಟು ಬಿಸಿ. ಎಲ್ಲಿ ನಿಲ್ಲುತ್ತದೆ ಅಂತ ಹೇಳುವ ಹಾಗಿಲ್ಲ. ಅದಕ್ಕೇ ಕಾನ್‌ಸ್ಟೆಂಟ್ ಕರೆಂಟ್ ಡ್ರೈವರ್ ಬೇಕು. ಅದು ಕರೆಂಟನ್ನು 700 ಮಿಲಿಆಂಪ್‌ಗೆ ಹಿಡಿದಿಟ್ಟು ವೋಲ್ಟೇಜನ್ನು ತಾನೇ ಹೊಂದಿಸಿಕೊಳ್ಳುತ್ತದೆ.

ಎಲ್ಇಡಿಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿ. 12 ನೀಲಿ ಎಲ್ಇಡಿಗೆ ತಲಾ 3.1 ವೋಲ್ಟ್‌ನಂತೆ ಸುಮಾರು 37 ವೋಲ್ಟ್. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮೀನ್ ವೆಲ್ ಎಲ್‌ಡಿಡಿ-700ಎಚ್ ಡ್ರೈವರ್ ತೆಗೆದುಕೊಳ್ಳಿ. ಅದು 9ರಿಂದ 56 ವೋಲ್ಟ್ ಡಿಸಿ ಒಳಗೆ ತೆಗೆದುಕೊಂಡು ವೋಲ್ಟೇಜ್ ಇಳಿಸಿ ಕೊಡುವ ಜಾತಿಯದು. ಇಳಿಸುವುದಷ್ಟೇ ಗೊತ್ತು, ಏರಿಸಲು ಬರುವುದಿಲ್ಲ. ಹಾಗಾಗಿ ಪವರ್ ಸಪ್ಲೈನ ವೋಲ್ಟೇಜ್ ಎಲ್ಇಡಿ ಸಾಲಿನದಕ್ಕಿಂತ ಕೆಲವು ವೋಲ್ಟ್ ಮೇಲಿರಲೇಬೇಕು. 37ಕ್ಕೆ 48 ವೋಲ್ಟ್ ಸಪ್ಲೈ ಸರಿಹೊಂದುತ್ತದೆ. ಎಲ್ಇಡಿಗಳದು 87 ವ್ಯಾಟ್, ಡ್ರೈವರ್‌ನಲ್ಲಿ ಸ್ವಲ್ಪ ನಷ್ಟ. 150 ವ್ಯಾಟಿನ ಸಪ್ಲೈ ಹಾಕಿದರೆ ಅದು ತಣ್ಣಗೆ ಓಡುತ್ತದೆ, ಹೆಚ್ಚು ಕಾಲ ಬಾಳುತ್ತದೆ.

ಡ್ರೈವರ್ ಉಳಿಸಲು ಎರಡು ಸಾಲುಗಳನ್ನು ಪಕ್ಕಪಕ್ಕಕ್ಕೆ, ಅಂದರೆ ಪ್ಯಾರಲಲ್ ಆಗಿ, ಒಂದೇ ದೊಡ್ಡ ಡ್ರೈವರ್‌ಗೆ ಕೊಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಎರಡೂ ಸಾಲುಗಳ ವೋಲ್ಟೇಜ್ ಯಾವತ್ತೂ ಪೂರ್ತಿ ಸಮ ಇರುವುದಿಲ್ಲ. ಕಡಿಮೆ ಇರುವ ಸಾಲು ಹೆಚ್ಚು ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಇನ್ನೂ ಹೆಚ್ಚು ಎಳೆಯುತ್ತದೆ. ಒಂದು ಸಾಲಿನಲ್ಲಿ ಒಂದು ಬೆಸುಗೆ ಬಿಟ್ಟುಕೊಂಡರಂತೂ ಎರಡೂ ಸಾಲಿನ ಕರೆಂಟು ಉಳಿದ ಒಂದಕ್ಕೇ ನುಗ್ಗುತ್ತದೆ. ಒಂದು ಸಾಲಿಗೆ ಒಂದು ಡ್ರೈವರ್. ಇದರಲ್ಲಿ ರಾಜಿ ಬೇಡ.

ಇನ್ನೊಂದು ಮಾತು. ಡ್ರೈವರ್‌ಗೆ ಪವರ್ ಕೊಟ್ಟಿರುವಾಗ ಎಲ್ಇಡಿ ಸಾಲನ್ನು ಅದಕ್ಕೆ ಸಿಕ್ಕಿಸಬೇಡಿ. ಏನೂ ಜೋಡಿಸದ ಡ್ರೈವರ್‌ನ ಬಾಯಲ್ಲಿ ಸಪ್ಲೈನ ಪೂರ್ತಿ ವೋಲ್ಟೇಜ್ ಬಂದು ನಿಂತಿರುತ್ತದೆ. ಸಿಕ್ಕಿಸಿದ ಕ್ಷಣ ಅದೆಲ್ಲ ಎಲ್ಇಡಿಗೆ ಬಡಿಯುತ್ತದೆ. ಮೊದಲು ಎಲ್ಇಡಿ, ಆಮೇಲೆ ಪವರ್.

ಬಿಸಿ

ಎಲ್ಇಡಿ ತಂಪಾದ ದೀಪ ಅನ್ನುವ ಮಾತು ಅರ್ಧ ಸತ್ಯ. ಹ್ಯಾಲೈಡ್ ಬಲ್ಬಿನ ಹಾಗೆ ಅದರ ಬೆಳಕಿನ ಜೊತೆ ಶಾಖದ ಕಿರಣಗಳು ಅಷ್ಟಾಗಿ ಬರುವುದಿಲ್ಲ, ಹಾಗಾಗಿ ನೀರು ಅಷ್ಟು ಕಾಯುವುದಿಲ್ಲ. ಆದರೆ ಬೆಳಕಾಗದ ಅರ್ಧ ವಿದ್ಯುತ್ತು ಚಿಪ್ಪಿನ ಬೆನ್ನಿನಲ್ಲಿ ಶಾಖವಾಗಿ ನಿಲ್ಲುತ್ತದೆ. ಅದನ್ನು ನಾವು ಸಾಗಿಸದಿದ್ದರೆ ಬೆಳಕು ಕುಗ್ಗುತ್ತದೆ, ಆಯಸ್ಸು ಕುಗ್ಗುತ್ತದೆ. ಡೇಟಾಶೀಟಿನಲ್ಲಿರುವ 50,000 ಗಂಟೆ ಎಂಬ ಅಂಕಿ ತಂಪಾಗಿಟ್ಟ ಎಲ್ಇಡಿಯದು.

ಶಾಖದ ದಾರಿ ಹೀಗಿದೆ. ಚಿಪ್ಪಿನಿಂದ ಅದು ಕೂತಿರುವ ಸ್ಟಾರ್ ಎಂಬ ಪುಟ್ಟ ಅಲ್ಯೂಮಿನಿಯಂ ಬಿಲ್ಲೆಗೆ, ಅಲ್ಲಿಂದ ಥರ್ಮಲ್ ಪೇಸ್ಟ್ ದಾಟಿ ಹೀಟ್‌ಸಿಂಕಿಗೆ, ಅಲ್ಲಿಂದ ಗಾಳಿಗೆ. ಪ್ರತಿ ಮೆಟ್ಟಿಲಿನಲ್ಲೂ ತಡೆ ಇದೆ. ಹೀಟ್‌ಸಿಂಕ್ ಕೊಳ್ಳುವಾಗ ವ್ಯಾಟಿಗೆ ಇಷ್ಟು ಡಿಗ್ರಿ ಎಂಬ ಅಂಕಿ ಕೇಳಿ. ನಮ್ಮ 87 ವ್ಯಾಟಿನಲ್ಲಿ ಧಾರಾಳವಾಗಿ 55 ವ್ಯಾಟ್ ಶಾಖ ಅಂತ ಹಿಡಿಯೋಣ. 0.4 ಅಂಕಿಯ ಹೀಟ್‌ಸಿಂಕ್ ಆದರೆ 22 ಡಿಗ್ರಿ ಏರುತ್ತದೆ. ಸುತ್ತಲಿನ ಗಾಳಿ 30 ಡಿಗ್ರಿ ಇದ್ದರೆ ಹೀಟ್‌ಸಿಂಕ್ 52. ಚಿಪ್ಪು ಅದಕ್ಕಿಂತ ಇನ್ನೂ ಒಂದಷ್ಟು ಡಿಗ್ರಿ ಮೇಲೆ. ಅದು ನೆಮ್ಮದಿಯ ಮಟ್ಟ. ಕೈಯಿಟ್ಟರೆ ಒಂದೆರಡು ಸೆಕೆಂಡೂ ತಡೆಯಲಾಗದಷ್ಟು ಬಿಸಿ ಇದ್ದರೆ ಹೀಟ್‌ಸಿಂಕ್ ಸಾಲದು ಅಂತ ತಿಳಿಯಿರಿ.

ಫ್ಯಾನ್ ಹಾಕಿದರೆ ಚಿಕ್ಕ ಹೀಟ್‌ಸಿಂಕ್ ಸಾಕಾಗುತ್ತದೆ. ಆದರೆ ಟ್ಯಾಂಕಿನ ಮೇಲಿನ ಗಾಳಿಯಲ್ಲಿ ಉಪ್ಪಿದೆ, ಫ್ಯಾನ್ ಒಂದು ದಿನ ನಿಂತೇ ನಿಲ್ಲುತ್ತದೆ. ಜಾಗ ಇದ್ದರೆ ಫ್ಯಾನ್ ಇಲ್ಲದೆಯೂ ತಡೆಯುವ ದೊಡ್ಡ ಹೀಟ್‌ಸಿಂಕ್ ಹಾಕಿ ಅನ್ನುವುದು ನನ್ನ ಅಭಿಪ್ರಾಯ. ಫ್ಯಾನ್ ಬೇಕೇ ಬೇಕು ಅನ್ನುವವರು 60 ಡಿಗ್ರಿಗೆ ತಾನಾಗಿ ಕಡಿತವಾಗುವ ಥರ್ಮಲ್ ಸ್ವಿಚ್ ಒಂದನ್ನು ಹೀಟ್‌ಸಿಂಕಿಗೆ ತಿರುಪಿ 48 ವೋಲ್ಟ್ ದಾರಿಯಲ್ಲಿ ಸೇರಿಸಿ.

ಪೇಸ್ಟ್ ದಪ್ಪಗೆ ಮೆತ್ತುವುದು ಬೇಡ. ಎರಡು ಲೋಹಗಳ ನಡುವಿನ ಸಣ್ಣ ಸಣ್ಣ ಕುಳಿ ತುಂಬುವುದಷ್ಟೇ ಅದರ ಕೆಲಸ. ಸ್ಟಾರ್‌ಗಳನ್ನು ಅಂಟಿಸುವ ಬದಲು ತಿರುಪು ಹಾಕಿ ಕೂರಿಸಿ. ತಿರುಪಿನ ತಲೆ ಬೆಸುಗೆಯ ಪ್ಯಾಡಿಗೆ ತಾಗದ ಹಾಗೆ ಕೆಳಗೆ ನೈಲಾನ್ ವಾಷರ್ ಇರಲಿ. ಬೆಸುಗೆ ಹಾಕುವಾಗ ಒಂದು ಕಷ್ಟ ಇದೆ. ಶಾಖ ಸಾಗಿಸಲೆಂದೇ ಮಾಡಿದ ಸ್ಟಾರ್ ನಿಮ್ಮ ಸೋಲ್ಡರಿಂಗ್ ಐರನ್ನಿನ ಶಾಖವನ್ನೂ ಸಾಗಿಸಿಬಿಡುತ್ತದೆ. 25 ವ್ಯಾಟಿನ ಐರನ್ ಇಲ್ಲಿ ಸೋಲುತ್ತದೆ, 60 ವ್ಯಾಟಿನದು ಇರಲಿ. ಸ್ಟಾರ್‌ಗಳನ್ನು ಹೀಟ್‌ಸಿಂಕಿಗೆ ಕೂರಿಸುವ ಮೊದಲೇ ಪ್ಯಾಡುಗಳಿಗೆ ಸೀಸ ಹಿಡಿಸಿಕೊಂಡರೆ ಕೆಲಸ ಹಗುರ. ಎಲ್ಲ ಮುಗಿದ ಮೇಲೆ ಪವರ್ ಕೊಡುವ ಮುಂಚೆ, ಮಲ್ಟಿಮೀಟರ್ ಹಿಡಿದು ಪ್ರತಿ ಪ್ಯಾಡಿಗೂ ಹೀಟ್‌ಸಿಂಕಿಗೂ ನಡುವೆ ಸಂಪರ್ಕ ಇಲ್ಲ ಅಂತ ನೋಡಿಕೊಳ್ಳಿ. ಒಂದೂ ಬಿಡಬೇಡಿ.

ಜೋಡಣೆ, ಲೆನ್ಸ್, ಉಪ್ಪು

ಬಣ್ಣಬಣ್ಣದ ಎಲ್ಇಡಿಗಳನ್ನು ದೂರ ದೂರ ಇಟ್ಟರೆ ಮರಳಿನ ಮೇಲೆ ಕೆಂಪು, ನೀಲಿ ನೆರಳುಗಳು ಕುಣಿಯುತ್ತವೆ. ನೀರು ಅಲುಗಿದಾಗ ಡಿಸ್ಕೋ ದೀಪ ಹಾಕಿದ ಹಾಗೆ ಕಾಣುತ್ತದೆ. ಎಲ್ಲವನ್ನೂ ಒಂದೇ ಜಾಗದಲ್ಲಿ ಒತ್ತಿದರೆ ನೆರಳು ಗಾಢವಾಗುತ್ತದೆ, ಹವಳದ ಕೊಂಬೆಗಳ ಕೆಳಭಾಗ ಕತ್ತಲಾಗಿ ಸಾಯುತ್ತದೆ. ನಡುದಾರಿ ಇದು: ನಮ್ಮ 40ನ್ನು ನಾಲ್ಕು ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ ರಾಯಲ್ ಬ್ಲೂ 3, ನೀಲಿ 3, ಬಿಳಿ 2, ನೇರಳೆ 2. ಗುಂಪಿನೊಳಗೆ ಒತ್ತೊತ್ತಾಗಿ, ಗುಂಪುಗಳ ನಡುವೆ ಅಂತರ ಕೊಟ್ಟು ಟ್ಯಾಂಕಿನ ಉದ್ದಕ್ಕೂ ಹರಡಿ. ಒಂದೇ ದೈತ್ಯ 100 ವ್ಯಾಟ್ ಚಿಪ್ಪು ತಂದು ನಡುವೆ ನೇತುಹಾಕುವುದು ಸುಲಭವೇನೋ ಹೌದು, ಆದರೆ ಅಲ್ಲಿ ಶಾಖವೂ ಒಂದೇ ಕಡೆ, ಬೆಳಕೂ ಒಂದೇ ಕಡೆ.

ಲೆನ್ಸ್ ಇಲ್ಲದ ಎಲ್ಇಡಿ ಸುಮಾರು 120 ಡಿಗ್ರಿ ಅಗಲಕ್ಕೆ ಬೆಳಕು ಚೆಲ್ಲುತ್ತದೆ, ಕೋಣೆಯ ಗೋಡೆಗೂ ಪಾಲು ಹೋಗುತ್ತದೆ. ಅರ್ಧ ಮೀಟರ್ ಆಳದ ಟ್ಯಾಂಕಿಗೆ, ನೀರಿನಿಂದ 20ರಿಂದ 25 ಸೆಂಟಿಮೀಟರ್ ಮೇಲೆ ದೀಪ ಇದ್ದರೆ, 80 ಅಥವಾ 90 ಡಿಗ್ರಿಯ ಲೆನ್ಸ್ ಸಾಕು. 40 ಡಿಗ್ರಿಯ ಲೆನ್ಸ್ ತುಂಬ ಆಳದ ಟ್ಯಾಂಕಿಗೆ ಮಾತ್ರ. ಮಾಮೂಲಿ ಟ್ಯಾಂಕಿನಲ್ಲಿ ಅದು ಅಲ್ಲಲ್ಲಿ ಸುಡುವಂಥ ಚುಕ್ಕೆಗಳನ್ನು ಮಾಡುತ್ತದೆ.

ಉಪ್ಪು ನಮ್ಮ ನಿಜವಾದ ಶತ್ರು. ಗುಳ್ಳೆ ಒಡೆದಾಗ ಸಿಡಿಯುವ ಸಣ್ಣ ಹನಿ ಸಾಕು, ಬೆಸುಗೆ ಹಸಿರಾಗುತ್ತದೆ. ಎಲ್ಇಡಿಗಳ ಕೆಳಗೆ ತೆಳು ಅಕ್ರಿಲಿಕ್ ಹಾಳೆ ಹಾಕಿ. ಅದು ಬೆಳಕಿನಲ್ಲಿ ನೂರಕ್ಕೆ 8ರಷ್ಟು ತಿನ್ನುತ್ತದೆ, ತಿನ್ನಲಿ. ಬೆಸುಗೆಗಳಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಹಚ್ಚಬಹುದು, ಆದರೆ ಎಲ್ಇಡಿಯ ಗುಮ್ಮಟಕ್ಕೆ ತಾಗದಿರಲಿ. ಗುಮ್ಮಟ ಸಿಲಿಕೋನಿನದು, ಕೆಲವು ರಾಸಾಯನಿಕಗಳ ಆವಿಗೇ ಅದು ಕಂದಾಗುತ್ತದೆ. ವಿನೆಗರ್ ವಾಸನೆ ಬರುವ ಸೀಲಂಟ್ ಕೂಡ ಇದೇ ಕಾರಣಕ್ಕೆ ದೀಪದ ಪೆಟ್ಟಿಗೆಯೊಳಗೆ ಬೇಡ.

ಜೀವಕ್ಕೆ ಸಂಬಂಧಿಸಿದ ಮಾತು ಈಗ. ಪವರ್ ಸಪ್ಲೈ ಟ್ಯಾಂಕಿನ ಮೇಲೆ ಇರಲೇಬಾರದು. ದೂರದಲ್ಲಿ, ಎತ್ತರದಲ್ಲಿ, ಒಣಗಿದ ಜಾಗದಲ್ಲಿ ಇರಲಿ. ಮೇಲಕ್ಕೆ ಬರುವುದು 48 ವೋಲ್ಟ್ ಡಿಸಿ ಮಾತ್ರ. ಸಪ್ಲೈ ಐಸೊಲೇಟೆಡ್ ಆಗಿರಬೇಕು, ಅಂದರೆ ಮೇನ್ಸ್‌ಗೂ ಹೊರಗೆ ಬರುವ ತಂತಿಗೂ ನೇರ ಸಂಪರ್ಕ ಇರಬಾರದು. ಲೋಹದ ಹೀಟ್‌ಸಿಂಕಿಗೆ ಅರ್ಥಿಂಗ್ ಕೊಡಿ. ಟ್ಯಾಂಕಿನ ಇಡೀ ವಿದ್ಯುತ್ ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇರಲಿ. ವೈರು ಪ್ಲಗ್ಗಿಗೆ ಹೋಗುವ ಮುಂಚೆ ಒಂದು ಸಲ ಕೆಳಗೆ ಜೋತುಬಿದ್ದು ಮೇಲೇರಲಿ, ನೀರು ಹರಿದು ಬಂದರೆ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ದೀಪವನ್ನು ನೇತುಹಾಕುವ ತಂತಿ ಅದರ ತೂಕದ ಕೆಲವು ಪಟ್ಟು ಹೊರುವಂತಿರಲಿ. ಮೇನ್ಸ್ ಕಡೆಯ ಕೆಲಸ ಗೊತ್ತಿಲ್ಲದವರು ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಹಚ್ಚುವುದು, ಆರಿಸುವುದು

ಆರ್ಡುಯಿನೊ ಎಂಬ ಸಣ್ಣ ಕಂಟ್ರೋಲರ್ ಬೋರ್ಡ್ ಹಾಕಿ ಸೂರ್ಯೋದಯ, ಸೂರ್ಯಾಸ್ತ ಮಾಡುವ ಹುಮ್ಮಸ್ಸು ಎಲ್ಲರಿಗೂ ಇರುತ್ತದೆ. ಒಳ್ಳೆಯದೇ. ಎಲ್‌ಡಿಡಿ ಡ್ರೈವರ್ 100ರಿಂದ 1000 ಹರ್ಟ್ಸ್ ತನಕದ ಪಿಡಬ್ಲ್ಯೂಎಂ (ಬಹಳ ವೇಗವಾಗಿ ಹಚ್ಚಿ ಆರಿಸಿ ಬೆಳಕು ತಗ್ಗಿಸುವ ಸಂಕೇತ) ಒಪ್ಪುತ್ತದೆ, ಆರ್ಡುಯಿನೊ ಊನೊ ತಾನಾಗಿ ಕೊಡುವ 490 ಹರ್ಟ್ಸ್ ಅದರೊಳಗೇ ಇದೆ. ಸಮಯಕ್ಕೆ ಬ್ಯಾಟರಿ ಇರುವ ಡಿಎಸ್3231 ಗಡಿಯಾರ ಚಿಪ್ಪು ಸೇರಿಸಿ. ಆದರೆ ಒಂದು ಗುಣ ನೆನಪಿಡಿ. ಈ ಡ್ರೈವರ್‌ನ ಡಿಮ್ಮಿಂಗ್ ಕಾಲಿಗೆ (ಆ ಸಂಕೇತ ಒಳಗೆ ಹೋಗುವ ಪಿನ್ನಿಗೆ) ಏನೂ ಜೋಡಿಸದಿದ್ದರೆ ಅದು ಪೂರ್ತಿ ಬೆಳಕಿಗೆ ಹೋಗುತ್ತದೆ. ಕಂಟ್ರೋಲರ್‌ನ ತಂತಿ ಕಳಚಿತು ಅಂದರೆ ದೀಪ ಆರುವುದಿಲ್ಲ, ನೂರಕ್ಕೆ ನೂರು ಉರಿಯುತ್ತದೆ. ಡ್ರೈವರ್‌ನ ಪಕ್ಕದಲ್ಲೇ ಆ ಕಾಲನ್ನು ಕೆಳಗೆ ಎಳೆದಿಡುವ ಒಂದು ಪುಲ್-ಡೌನ್ ರೆಸಿಸ್ಟರ್ ಹಾಕಿ, ತಂತಿ ಕಿತ್ತು ನೋಡಿ, ದೀಪ ನಿಜಕ್ಕೂ ಆರುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ.

ಕಂಟ್ರೋಲರ್ ಇಲ್ಲದೆಯೂ ಹವಳ ಬೆಳೆಯುತ್ತದೆ. ಎರಡು ಟೈಮರ್ ಸಾಕು. ನೀಲಿ ಮೊದಲು ಹತ್ತಲಿ, ಬಿಳಿ ಆಮೇಲೆ. ಆರುವಾಗ ಬಿಳಿ ಮೊದಲು. ಮೀನುಗಳೂ ಬೆಚ್ಚುವುದಿಲ್ಲ. ಪೂರ್ತಿ ಬೆಳಕು ದಿನಕ್ಕೆ 8ರಿಂದ 10 ಗಂಟೆ ಇದ್ದರೆ ಆಯಿತು.

ಹೊಸ ದೀಪವನ್ನು ಮೊದಲ ದಿನವೇ ಪೂರ್ತಿ ಉರಿಸಬೇಡಿ. ಗುರಿಯ ಅರ್ಧದಿಂದ, ಅಥವಾ ಅದಕ್ಕಿಂತ ಕೆಳಗಿನಿಂದ ಶುರು ಮಾಡಿ ನಾಲ್ಕರಿಂದ ಆರು ವಾರಗಳಲ್ಲಿ ಏರಿಸಿ. ಪಾರ್ ಮೀಟರ್ ಕೊಳ್ಳಲಾಗದಿದ್ದರೆ ಒಂದು ದಿನಕ್ಕೆ ಯಾರಿಂದಲಾದರೂ ಎರವಲು ತನ್ನಿ. ಬಂಡೆಯ ತುದಿ, ನಡು, ಮರಳು ಮೂರೂ ಕಡೆ ಅಳೆದು ಬರೆದಿಡಿ. ನೀಲಿಯನ್ನು ಸರಿಯಾಗಿ ಓದುವ ಪೂರ್ಣ ವ್ಯಾಪ್ತಿಯ ಸೆನ್ಸರ್ ಹೌದೋ ಅಲ್ಲವೋ ನೋಡಿಕೊಳ್ಳಿ, ಹಳೆಯ ಕೆಲವು ಸೆನ್ಸರ್‌ಗಳು ನೀಲಿಯನ್ನು ಕಡಿಮೆ ತೋರಿಸುತ್ತವೆ.

ಆಮೇಲೆ ಹವಳವೇ ಹೇಳುತ್ತದೆ. ಬಣ್ಣ ಕಂದಾಗುತ್ತಾ, ಮೈ ಬೆಳಕಿನ ಕಡೆ ಚಾಚುತ್ತಾ ಹೋದರೆ ಬೆಳಕು ಸಾಲದು. ಕಡಿಮೆ ಬೆಳಕನ್ನು ಹಿಡಿಯಲು ಅದು ಪಾಚಿ ಹೆಚ್ಚಿಸಿಕೊಂಡಿರುತ್ತದೆ. ಬಣ್ಣ ಮಾಸುತ್ತಾ, ಪಾಲಿಪ್ ಹಗಲಿಡೀ ಮುಚ್ಚಿಕೊಂಡಿದ್ದರೆ ಬೆಳಕು ಜಾಸ್ತಿ. ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ತೀರಾ ಇಲ್ಲವಾದಾಗಲೂ ಹವಳ ಮಾಸುತ್ತದೆ. ಹಾಗಾಗಿ ದೀಪಕ್ಕೆ ಕೈ ಹಾಕುವ ಮೊದಲು ನೀರು ಪರೀಕ್ಷೆ ಮಾಡಿ.

ಇದನ್ನು ಸಭೆಯಲ್ಲಿ ಹೇಳಿದಾಗ ಬಂದ ಪ್ರಶ್ನೆಗಳು

"ಇಷ್ಟೆಲ್ಲ ಮಾಡುವ ಬದಲು ರೆಡಿ ದೀಪ ಕೊಳ್ಳಬಾರದೇ?" ಅಂತ ಒಬ್ಬರು ಕೇಳಿದರು. ಖಂಡಿತ ಕೊಳ್ಳಬಹುದು, ಒಳ್ಳೆಯವು ಸಿಗುತ್ತವೆ. ಸೋಲ್ಡರಿಂಗ್ ಐರನ್ ಕೈಯಲ್ಲಿ ಹಿಡಿಯಲು ಇಷ್ಟವೇ ಇಲ್ಲದವರು ಕೊಳ್ಳುವುದೇ ಸರಿ. ಕಟ್ಟಿಕೊಳ್ಳುವವರಿಗೆ ಸಿಗುವುದು ತಮ್ಮ ಟ್ಯಾಂಕಿನ ಅಳತೆಗೆ ಕೂರುವ ದೀಪ, ಮತ್ತು ಅದರ ಪ್ರತಿ ತಂತಿಯ ಪರಿಚಯ.

"ದೀಪ ಬದಲಿಸಿದ ಮೇಲೆ ಗಾಜಿನ ಮೇಲೆ ಪಾಚಿ ಜಾಸ್ತಿಯಾಯಿತು, ನೀಲಿಯ ತಪ್ಪಾ?" ಎಂಬುದು ಇನ್ನೊಂದು ಪ್ರಶ್ನೆ. ಬೆಳಕು ಹೆಚ್ಚಿದಾಗ ನೀರಿನಲ್ಲಿ ಮೊದಲೇ ಇದ್ದ ಪೋಷಕಾಂಶವನ್ನು ಪಾಚಿ ಬೇಗ ಬಳಸಿಕೊಂಡು ಬೆಳೆಯುತ್ತದೆ. ಬಣ್ಣಕ್ಕಿಂತ ಮೊದಲು ಗಂಟೆಗಳನ್ನು ನೋಡಿ. 12 ಗಂಟೆ ಉರಿಸುತ್ತಿದ್ದರೆ 9ಕ್ಕೆ ಇಳಿಸಿ, ಮೀನಿಗೆ ಹಾಕುವ ತಿನಿಸು ಕಡಿಮೆ ಮಾಡಿ.

ಕೊನೆಯದಾಗಿ, "ಸರಣಿಯಲ್ಲಿ ಒಂದು ಎಲ್ಇಡಿ ಕೆಟ್ಟರೆ ಸಾಲು ಪೂರ್ತಿ ಆರಿಹೋಗುತ್ತದಲ್ಲ?" ಅಂತ ಕೇಳಿದರು. ಒಳಗೆ ಸಂಪರ್ಕ ಕಡಿದುಹೋದರೆ ಹೌದು, ಅಷ್ಟೂ ಆರುತ್ತವೆ. ಒಳಗೆ ಶಾರ್ಟ್ ಆದರೆ ಅದೊಂದೇ ಕತ್ತಲಾಗಿ ಉಳಿದವು ಉರಿಯುತ್ತವೆ, ಡ್ರೈವರ್ ವೋಲ್ಟೇಜ್ ಇಳಿಸಿಕೊಳ್ಳುತ್ತದೆ. ಸಾಲು ಪೂರ್ತಿ ಆರಿದರೆ ಮೊದಲು ಬೆಸುಗೆಗಳನ್ನು ನೋಡಿ, ಹೆಚ್ಚಿನ ಸಲ ಅಲ್ಲೇ ಬಿಟ್ಟುಕೊಂಡಿರುತ್ತದೆ. ಬೆಸುಗೆ ಸರಿಯಿದ್ದರೆ ಪವರ್ ತೆಗೆದು, ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಗೆ ತಿರುಗಿಸಿ ಒಂದೊಂದೇ ಎಲ್ಇಡಿಗೆ ಮುಟ್ಟಿಸಿ. ಮೀಟರ್‌ಗೆ ಸಾಕಷ್ಟು ವೋಲ್ಟೇಜ್ ಕೊಡುವ ಶಕ್ತಿ ಇದ್ದರೆ ಸರಿಯಿರುವುದು ಮಂಕಾಗಿ ಮಿನುಗುತ್ತದೆ, ಕೆಟ್ಟದ್ದು ಸುಮ್ಮನಿರುತ್ತದೆ. ಸ್ಟಾರನ್ನು ಅಂಟಿಸದೆ ತಿರುಪಿನಲ್ಲಿ ಕೂರಿಸಿ ಅಂದದ್ದು ಇದಕ್ಕೇ. ಎರಡು ತಿರುಪು ಬಿಚ್ಚಿ, ಎರಡು ಬೆಸುಗೆ ಬಿಡಿಸಿ, ಹಳೆ ಪೇಸ್ಟ್ ಒರೆಸಿ ಹೊಸದನ್ನು ಕೂರಿಸಬಹುದು. ಪಕ್ಕದ ಎಲ್ಇಡಿಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.